ಮುಖ ಕಾಣದ ಅಂಗಡಿಗೆ ದುಡ್ಡು ಕೊಡೋದು ಯಾವ ಧೈರ್ಯದ ಮೇಲೆ? ಆನ್‌ಲೈನ್ ನಂಬಿಕೆಯ ಒಳಲೆಕ್ಕ

ಮೊಬೈಲ್‌ನಲ್ಲಿ ‘ಇಳಕಲ್ ಸೀರೆ’ ಅಂತ ಹುಡುಕಿ ನೋಡಿ. ನಾನೂರು-ಐನೂರು ರೂಪಾಯಿಯಿಂದ ಹಿಡಿದು ಹಲವು ಸಾವಿರದವರೆಗೆ ಸೀರೆಗಳು ಸಾಲಾಗಿ ಬರುತ್ತವೆ. ಎಲ್ಲದಕ್ಕೂ ಕೆಂಪು ಸೆರಗು, ಎಲ್ಲದಕ್ಕೂ ಅಗಲವಾದ ದಡಿ, ಎಲ್ಲದರ ಕೆಳಗೂ ‘ಅಪ್ಪಟ ಕೈಮಗ್ಗ’ ಅನ್ನೋ ಮಾತು. ಫೋಟೋದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಇಳಕಲ್‌ನ ಅಂಗಡಿಯಲ್ಲಿ ಕೂತರೆ ಬಟ್ಟೆ ಮುಟ್ಟಿ, ಸೆರಗು ತಿರುವಿ ಹಾಕಿ, “ಇದು ರೇಷ್ಮಿ ಏನ್ರೀ ಅಣ್ಣಾರ, ಚಮಕಾ ಏನ್ರೀ?” ಅಂತ ಹತ್ತು ಸಲ ಕೇಳುವ ಹೆಣ್ಣುಮಕ್ಕಳೇ ರಾತ್ರಿ ಊಟ ಮುಗಿಸಿ ಕೂತಾಗ, ಹೆಸರೇ ಕೇಳದ ಯಾವುದೋ ಪೇಜ್‌ಗೆ ಎರಡು ಸಾವಿರ ರೂಪಾಯಿ ಕಳಿಸಿಬಿಡುತ್ತಾರೆ.

ಕೆಲವರಿಗೆ ಒಳ್ಳೇ ಸೀರೆ ಬರುತ್ತದೆ. ಕೆಲವರಿಗೆ ಪಾಲಿಸ್ಟರ್ ಬರುತ್ತದೆ. ಇನ್ನು ಕೆಲವರಿಗೆ ಏನೂ ಬರಲ್ಲ. ಮೆಸೇಜ್ ಹಾಕಿದರೆ ನಂಬರ್ ಬ್ಲಾಕ್ ಆಗಿರುತ್ತದೆ.

ಕಳೆದುಕೊಳ್ಳುವವರು ಬರೀ ಗ್ರಾಹಕರಲ್ಲ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆ ಮಗ್ಗದ ಮೇಲೆ ಬದುಕುವವರು, ಅವರ ಮಾಲು ಮಾರುವ ಅಂಗಡಿಯವರು ಕೂಡ ಇದರಲ್ಲಿ ಸಿಕ್ಕಿಕೊಂಡಿದ್ದಾರೆ. ಒಮ್ಮೆ ಮೋಸ ಹೋದವರು ಮುಂದಿನ ಸಲ ನಿಜವಾದ ನೇಕಾರನ ಪೇಜ್ ಕಂಡರೂ ನಂಬುವುದಿಲ್ಲ. ಹಾಗಾಗಿ ಈ ನಂಬಿಕೆ ಹೇಗೆ ಹುಟ್ಟುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನೋದು ಕೊಳ್ಳುವವರಿಗೂ ಮಾರುವವರಿಗೂ ಗೊತ್ತಿರಬೇಕಾದ ವಿಷಯ.

ಶುರುವಾಗಿದ್ದು ಪುಸ್ತಕದಿಂದ, ಯಾಕೆ?

ಆನ್‌ಲೈನ್ ಅಂಗಡಿಗಳು ಮೊದಲು ಏನು ಮಾರಿದವು ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅಮೆರಿಕದಲ್ಲಿ ಅಮೆಜಾನ್ 1995ರ ಜುಲೈನಲ್ಲಿ ವ್ಯಾಪಾರ ಶುರು ಮಾಡಿದ್ದು ಪುಸ್ತಕದಿಂದ. ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರಲ್ಲಿ ಫ್ಲಿಪ್‌ಕಾರ್ಟ್ ಕಟ್ಟಿದಾಗಲೂ ಪುಸ್ತಕವೇ. ಪುಸ್ತಕದಲ್ಲಿ ಮೋಸ ಮಾಡೋದು ಕಷ್ಟ. ಬಾಗಲಕೋಟೆಯಲ್ಲಿ ಕೊಂಡರೂ ಬೆಂಗಳೂರಿನಲ್ಲಿ ಕೊಂಡರೂ ಅದೇ ಪುಸ್ತಕ, ಅವೇ ಪುಟಗಳು, ಹಿಂದೆ ಅಚ್ಚಾದ ಅದೇ ಬೆಲೆ. ಅಳತೆ ಕೂಡಲಿಲ್ಲ, ಬಣ್ಣ ಬೇರೆ ಬಂತು ಅನ್ನೋ ತಕರಾರು ಇಲ್ಲ. ದಾರಿಯಲ್ಲಿ ಒಡೆಯಲ್ಲ, ಕೆಡಲ್ಲ. ದುಡ್ಡು ಹೋದರೂ ಇನ್ನೂರು-ಮುನ್ನೂರು ರೂಪಾಯಿ. (ಕಳ್ಳ ಅಚ್ಚಿನ ಪುಸ್ತಕ ಬರಬಹುದು, ಅದು ಬೇರೆ ಮಾತು.)

ಪುಸ್ತಕದ ಹಿಂದೆ ಮೊಬೈಲ್ ಬಂತು. ಅದಕ್ಕೂ ಕಂಪನಿಯ ಸೀಲ್, ಐಎಂಇಐ ನಂಬರ್, ವಾರಂಟಿ ಇದೆ. ಮಾರುವವನು ಯಾರೇ ಆಗಿರಲಿ, ಹಿಂದೆ ಕಂಪನಿ ನಿಂತಿರುತ್ತದೆ. ಬಟ್ಟೆ ಹಾಗಲ್ಲ. ಮುಟ್ಟದೆ, ಮೈಮೇಲೆ ಹಿಡಿದು ನೋಡದೆ ಬಟ್ಟೆ ಕೊಳ್ಳುವ ರೂಢಿ ಬರೋಕೆ ವರ್ಷಗಳು ಬೇಕಾದವು. ಫ್ಲಿಪ್‌ಕಾರ್ಟ್ ಬಟ್ಟೆ ವ್ಯಾಪಾರದ ಮಿಂತ್ರಾವನ್ನು ಕೊಂಡಿದ್ದು 2014ರಲ್ಲಿ.

ಜಿಲ್ಲೆಯ ಮಾಲಿಗೂ ಇದೇ ಲೆಕ್ಕ. ಅಮೀನಗಡದ ಕರದಂಟು ಡಬ್ಬಿಯಲ್ಲಿ ಸೀಲ್ ಆಗಿ, ಮೇಲೆ ತಯಾರಕರ ಹೆಸರು, ತೂಕ, ತಾರೀಖು ಅಚ್ಚಾಗಿ ಬರುತ್ತದೆ. ಒಮ್ಮೆ ತಿಂದವರಿಗೆ ಮುಂದಿನ ಡಬ್ಬಿಯ ರುಚಿ ಹೇಗಿರುತ್ತದೆ ಅಂತ ಗೊತ್ತು. ಮುಂಬೈಯಲ್ಲಿ ಕೂತು ಆರ್ಡರ್ ಮಾಡೋಕೆ ಹೆಚ್ಚು ಯೋಚನೆ ಬೇಕಿಲ್ಲ. ಇಳಕಲ್ ಸೀರೆ ಇದಕ್ಕೆ ಪೂರ್ತಿ ಉಲ್ಟಾ. ಒಂದು ಸೀರೆಯಂತೆ ಇನ್ನೊಂದು ಇರಲ್ಲ. ಬೆಲೆ ನಿಂತಿರೋದು ನೂಲಿನ ಮೇಲೆ, ನೇಯ್ಗೆಯ ಮೇಲೆ. ಇವೆರಡೂ ಫೋಟೋದಲ್ಲಿ ಕಾಣಲ್ಲ.

ಒಬ್ಬರಿಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ

ಮಾರುವವನಿಗೆ ಮಾಲಿನ ಗುಣ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೇ ಕಾರುಗಳ ಉದಾಹರಣೆ ಇಟ್ಟುಕೊಂಡು ಇದನ್ನೇ ಬರೆದರು. 2001ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಅವರ ಮಾತನ್ನು ಸೀರೆಗೆ ಇಳಿಸಿ ಹೇಳುವುದಾದರೆ ಹೀಗೆ: ಅಪ್ಪಟ ಸೀರೆಯ ಅಸಲೇ 3,000 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ, ನಕಲಿಗೆ 400. ಕೊಳ್ಳುವವರಿಗೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಆಗ ಅವರು ‘ಮೋಸ ಇದ್ದರೂ ಇರಬಹುದು’ ಅಂತ ಲೆಕ್ಕ ಹಾಕಿ 1,500ಕ್ಕಿಂತ ಮೇಲೆ ಹೋಗೋದೇ ಇಲ್ಲ. ಆ ಬೆಲೆಗೆ ಅಪ್ಪಟ ಸೀರೆ ಮಾರುವವನಿಗೆ ನಷ್ಟ, ಅವನು ಜಾಗ ಖಾಲಿ ಮಾಡುತ್ತಾನೆ. ನಕಲಿ ಮಾರುವವನಿಗೆ ಹಬ್ಬ. ಕೊನೆಗೆ ಬಜಾರಿನಲ್ಲಿ ಉಳಿಯೋದು ನಕಲಿ ಮಾತ್ರ.

ಊರ ಅಂಗಡಿಯಲ್ಲಿ ಈ ಸಮಸ್ಯೆ ಬಗೆಹರಿದಿರುವುದು ಅಂಗಡಿಯವರೆಲ್ಲ ಸತ್ಯವಂತರು ಅಂತಲ್ಲ. ಅಂಗಡಿ ಎಲ್ಲಿಗೂ ಓಡಿ ಹೋಗಲ್ಲ, ಅದಕ್ಕೆ. ಸೀರೆ ಒಂದೇ ತೊಳೆತಕ್ಕೆ ಬಣ್ಣ ಬಿಟ್ಟರೆ ಮರುದಿನ ತಂದು ಗಲ್ಲಾಪೆಟ್ಟಿಗೆ ಮುಂದೆ ಒಗೆಯಬಹುದು, ನಾಲ್ಕು ಜನರ ಎದುರು ಮಾತಾಡಬಹುದು. ಸಂತೆಯಲ್ಲಿ, ಮದುವೆ ಮನೆಯಲ್ಲಿ ಆ ಮಾತು ಹರಡುತ್ತದೆ. ಅಂಗಡಿಯವನಿಗೆ ಕಳೆದುಕೊಳ್ಳೋದು ಬಹಳ ಇದೆ. ಅಂಗಡಿಯವನೂ ಹಾಗೇ ಗಿರಾಕಿಯನ್ನು ನಂಬುತ್ತಾನೆ. ಯಾರ ಮನೆಯವರು, ಯಾವ ಓಣಿ ಅಂತ ಗೊತ್ತಿರುವುದಕ್ಕೇ ಉದ್ರಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳೋದು.

ಆನ್‌ಲೈನ್ ವ್ಯಾಪಾರದ ಇಡೀ ಏರ್ಪಾಡು, ಅಂದರೆ ಕ್ಯಾಶ್ ಆನ್ ಡೆಲಿವರಿ, ರಿಟರ್ನ್, ಸ್ಟಾರ್, ರಿವ್ಯೂ, ಎಲ್ಲವೂ ಈ ‘ಕಳೆದುಕೊಳ್ಳುವ ಭಯ’ವನ್ನು ಬೇರೆ ದಾರಿಯಲ್ಲಿ ಕಟ್ಟುವ ಪ್ರಯತ್ನ.

ವಿಪಿಪಿ ಹೋಗಿ ಸಿಒಡಿ ಬಂತು

ಹಳಬರಿಗೆ ವಿ.ಪಿ.ಪಿ. ನೆನಪಿರುತ್ತದೆ. ಬ್ರಿಟಿಷರ ಕಾಲದಿಂದಲೂ ಅಂಚೆ ಇಲಾಖೆಯಲ್ಲಿದ್ದ ಸೌಲಭ್ಯ ಅದು. ಪೋಸ್ಟ್‌ಮನ್ ಪಾರ್ಸೆಲ್ ತರುತ್ತಾನೆ, ದುಡ್ಡು ಅವನ ಕೈಗೆ ಕೊಟ್ಟು ಬಿಡಿಸಿಕೊಳ್ಳಬೇಕು. ಪತ್ರಿಕೆಯ ಜಾಹೀರಾತು ನೋಡಿ ಪುಸ್ತಕ, ಔಷಧಿ, ರೇಡಿಯೋ ತರಿಸಿಕೊಂಡವರು ಎಷ್ಟೋ ಜನ. ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ಶುರು ಮಾಡಿದಾಗ ಜನರಿಗೆ ಅದು ಹೊಸದೇನೂ ಅನ್ನಿಸಲಿಲ್ಲ. ಆಗ ಕಾರ್ಡ್ ಇದ್ದವರು ಕಡಿಮೆ, ಇದ್ದವರಿಗೂ ಅದರ ನಂಬರ್ ಕಂಪ್ಯೂಟರ್‌ಗೆ ಹಾಕಲು ಹೆದರಿಕೆ. ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಇನ್ನೊಂದು ಹಂತದ ಪಾಸ್‌ವರ್ಡ್ ಕಡ್ಡಾಯ ಮಾಡಿತ್ತಾದರೂ, ‘ಮಾಲು ಬರಲಿ, ಆಮೇಲೆ ದುಡ್ಡು’ ಅನ್ನೋ ಮಾತು ಕೊಟ್ಟ ಧೈರ್ಯ ಪಾಸ್‌ವರ್ಡ್ ಕೊಡಲಿಲ್ಲ.

ಚೀನಾದಲ್ಲಿ ಇದೇ ತಲೆನೋವಿಗೆ ಬೇರೆ ಔಷಧಿ ಹುಡುಕಿದರು. ಅಲಿಬಾಬಾ ಕಂಪನಿಯ ಟಾವೊಬಾವೊ 2003ರಲ್ಲಿ ಶುರುವಾಯಿತು. ಅದರ ಜೊತೆಗೇ ಬಂದ ಅಲಿಪೇ ಕೊಳ್ಳುವವರ ದುಡ್ಡನ್ನು ತನ್ನ ಹತ್ತಿರ ಹಿಡಿದಿಟ್ಟುಕೊಳ್ಳುತ್ತಿತ್ತು. ಮಾಲು ತಲುಪಿತು, ಸರಿಯಿದೆ ಅಂತ ಅವರು ಒಪ್ಪಿಗೆ ಕೊಟ್ಟ ಮೇಲೆ ಮಾರುವವನಿಗೆ ಹೋಗುತ್ತಿತ್ತು. ಊರ ಭಾಷೆಯಲ್ಲಿ ಹೇಳಬೇಕಂದರೆ, ಇಬ್ಬರ ನಡುವೆ ಹಿರಿಯರೊಬ್ಬರು ದುಡ್ಡು ಇಟ್ಟುಕೊಂಡು ಕೂತಂತೆ. ದೊಡ್ಡ ಆ್ಯಪ್‌ಗಳಲ್ಲಿ ಇವತ್ತು ಮುಂಗಡ ದುಡ್ಡು ಕೊಟ್ಟರೂ ಜನ ನಿಶ್ಚಿಂತೆಯಿಂದ ಇರೋದು ಇದೇ ಕಾರಣಕ್ಕೆ. ನಂಬಿಕೆ ಇರೋದು ಸೂರತ್‌ನ ಯಾವುದೋ ಸೆಲ್ಲರ್ ಮೇಲಲ್ಲ, ನಡುವೆ ಕೂತ ಆ್ಯಪ್ ಮೇಲೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸಿಒಡಿ ಅಂದರೆ ಮೋಸವೇ ಆಗಲ್ಲ ಅನ್ನೋ ತಿಳಿವಳಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಸಿಒಡಿ ಖಾತ್ರಿ ಕೊಡೋದು ಪಾರ್ಸೆಲ್ ಬರುತ್ತದೆ ಅನ್ನೋದಕ್ಕೆ ಮಾತ್ರ, ಒಳಗೆ ಏನಿದೆ ಅನ್ನೋದಕ್ಕಲ್ಲ. ಸಾಮಾನ್ಯವಾಗಿ ದುಡ್ಡು ಕೊಟ್ಟ ಮೇಲೇ ಡಬ್ಬಿ ಒಡೆಯೋದು. ಆರ್ಡರ್ ಮಾಡದೇ ಇದ್ದವರ ಮನೆಗೆ ಆರೇಳು ನೂರು ರೂಪಾಯಿಯ ಸಿಒಡಿ ಪಾರ್ಸೆಲ್ ಕಳಿಸುವ ದಂಧೆಯೇ ಇದೆ. ಮಗಳೋ ಸೊಸೆಯೋ ತರಿಸಿರಬೇಕು ಅಂತ ಮನೆಯ ಹಿರಿಯರು ದುಡ್ಡು ಕೊಟ್ಟುಬಿಡುತ್ತಾರೆ. ಒಡೆದು ನೋಡಿದರೆ ಹಳೇ ಬಟ್ಟೆ. ಡೆಲಿವರಿ ಹುಡುಗನ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ, ಅವನು ಕೂಲಿಗೆ ಬಂದವನು. ಮನೆಯಲ್ಲಿ ಯಾರು ಏನು ಆರ್ಡರ್ ಮಾಡಿದ್ದಾರೆ ಅಂತ ಫೋನ್ ಮಾಡಿ ಕೇಳುವವರೆಗೂ ದುಡ್ಡು ಕೊಡದಿರೋದೇ ಸರಿ.

ಮೊಬೈಲ್‌ನಂಥ ದುಬಾರಿ ಮಾಲಿಗೆ ಕೆಲವು ಆ್ಯಪ್‌ಗಳು ಓಪನ್ ಬಾಕ್ಸ್ ಡೆಲಿವರಿ ಇಟ್ಟಿವೆ. ಡೆಲಿವರಿಯವನು ಎದುರಿಗೇ ಡಬ್ಬಿ ಬಿಚ್ಚಿ ತೋರಿಸುತ್ತಾನೆ, ನೋಡಿದ ಮೇಲೆ ಒಟಿಪಿ ಹೇಳಬೇಕು. ಒಟಿಪಿ ಅಂದರೆ ಇಲ್ಲಿ ‘ಮಾಲು ಸರಿಯಾಗಿ ಮುಟ್ಟಿತು’ ಅಂತ ಹಾಕುವ ಸಹಿ. “ಅಕ್ಕಾರ, ಲಗೂನ ಒಟಿಪಿ ಹೇಳ್ರಿ, ಇನ್ನೂ ಮೂವತ್ತು ಪಾರ್ಸೆಲ್ ಐತಿ” ಅಂತ ಅವಸರ ಮಾಡಿದರೂ ನೋಡದೆ ಸಹಿ ಹಾಕಬಾರದು.

ಸಿಒಡಿಯ ಇನ್ನೊಂದು ಮುಖ ಮಾರುವವರಿಗೆ ಗೊತ್ತು. ಆರ್ಡರ್ ಮಾಡಿದವರು ಪಾರ್ಸೆಲ್ ಬಂದಾಗ ‘ಬೇಡ’ ಅಂದುಬಿಟ್ಟರೆ ಹೋಗಿ ಬರುವ ಎರಡೂ ಕಡೆಯ ಖರ್ಚು ಸಣ್ಣ ವ್ಯಾಪಾರಿಯ ತಲೆಗೆ. ಅದಕ್ಕೇ ಎಷ್ಟೋ ಪ್ರಾಮಾಣಿಕ ಸಣ್ಣ ಅಂಗಡಿಯವರೂ ಸಿಒಡಿ ಕೊಡಲ್ಲ. ಸಿಒಡಿ ಇಲ್ಲ ಅಂದ ಮಾತ್ರಕ್ಕೆ ಕಳ್ಳರು ಅನ್ನೋಕೆ ಬರಲ್ಲ.

ಸ್ಟಾರ್ ನಂಬಬೇಕಾ?

ಗುರುತಿಲ್ಲದವರು ಗುರುತಿಲ್ಲದವರ ಹತ್ತಿರ ಕೊಳ್ಳುವಾಗ ಹಿಂದಿನ ಗಿರಾಕಿಗಳ ಮಾತನ್ನೇ ಸಾಕ್ಷಿಯಾಗಿ ಇಡೋಣ ಅನ್ನೋ ಉಪಾಯವನ್ನು ದೊಡ್ಡದಾಗಿ ಬಳಸಿದ್ದು ಇಬೇ. 1995ರಲ್ಲಿ ಶುರುವಾದ ಈ ಹರಾಜು ಜಾಲತಾಣ 1996ರಲ್ಲೇ ಕೊಂಡವರು ಮಾರಿದವರು ಒಬ್ಬರ ಬಗ್ಗೆ ಒಬ್ಬರು ಅಭಿಪ್ರಾಯ ಬರೆಯುವ ಏರ್ಪಾಡು ಮಾಡಿತು. ಅದಕ್ಕೆ ಬೆಲೆ ಇದೆಯಾ ಅಂತ ಸಂಶೋಧಕರು ಪರೀಕ್ಷೆ ಮಾಡಿದರು. ಒಂದೇ ಥರದ ಹಳೇ ಪೋಸ್ಟ್‌ಕಾರ್ಡ್‌ಗಳನ್ನು ಒಳ್ಳೇ ಹೆಸರಿದ್ದ ಹಳೇ ಖಾತೆಯಿಂದಲೂ, ಹೆಸರಿಲ್ಲದ ಹೊಸ ಖಾತೆಗಳಿಂದಲೂ ಮಾರಿಸಿದರು. ಹಳೇ ಖಾತೆಗೆ ಜನ ಸುಮಾರು ಶೇ 8ರಷ್ಟು ಹೆಚ್ಚು ಬೆಲೆ ಕೊಟ್ಟರು. ಪಾಲ್ ರೆಸ್ನಿಕ್ ಮತ್ತು ಜೊತೆಗಾರರ ಈ ಅಧ್ಯಯನ ಪ್ರಕಟವಾಗಿದ್ದು 2006ರಲ್ಲಿ. ಒಂದೇ ಮಾಲು, ಬರೀ ಹೆಸರಿಗೆ ನೂರಕ್ಕೆ ಎಂಟು ರೂಪಾಯಿ.

ಅಂಗಡಿಯವರು ಗಮನಿಸಬೇಕಾದ ಇನ್ನೊಂದು ಅಧ್ಯಯನ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕೆಲ್ ಲೂಕಾ ಅವರದು, 2011ರದ್ದು. ಅಮೆರಿಕದ ಸಿಯಾಟಲ್ ನಗರದ ಹೋಟೆಲ್‌ಗಳಿಗೆ ಯೆಲ್ಪ್ ಜಾಲತಾಣದಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತದೆ ಅಂತ ಅವರು ಕಂಡರು. ಆದರೆ ಈ ಏರಿಕೆ ಕಂಡಿದ್ದು ಸ್ವತಂತ್ರವಾಗಿ ನಡೆಯುವ ಸಣ್ಣ ಹೋಟೆಲ್‌ಗಳಲ್ಲಿ, ಊರೂರಿಗೆ ಶಾಖೆ ಇರುವ ದೊಡ್ಡ ಹೆಸರಿನವುಗಳಲ್ಲಿ ಅಲ್ಲ. ಬ್ರ್ಯಾಂಡ್ ಇದ್ದವರ ಬಗ್ಗೆ ಜನರಿಗೆ ಮೊದಲೇ ಗೊತ್ತಿರುತ್ತದೆ. ಸ್ಟಾರ್ ಬೇಕಾಗಿರೋದು ಹೆಸರಿಲ್ಲದವನಿಗೆ. ಇಳಕಲ್‌ನ ಬಟ್ಟೆ ಅಂಗಡಿಗೆ, ಬಾದಾಮಿಯ ಲಾಡ್ಜ್‌ಗೆ ಗೂಗಲ್ ಮ್ಯಾಪ್‌ನಲ್ಲಿ ಬರುವ ಸ್ಟಾರ್ ಸಣ್ಣ ವಿಷಯವಲ್ಲ.

ಬೆಲೆ ಇರುವ ಕಡೆ ನಕಲಿ ಇದ್ದೇ ಇರುತ್ತದೆ. ದುಡ್ಡು ಕೊಟ್ಟು ರಿವ್ಯೂ ಬರೆಸುವುದು, ಐದು ಸ್ಟಾರ್ ಕೊಟ್ಟರೆ ದುಡ್ಡು ವಾಪಸ್ ಅಂತ ಡಬ್ಬಿಯೊಳಗೆ ಚೀಟಿ ಹಾಕುವುದು, ಟೆಲಿಗ್ರಾಂ ಗುಂಪಿನಲ್ಲಿ ‘ಮನೆಯಲ್ಲೇ ಕೂತು ರಿವ್ಯೂ ಹಾಕಿ ಸಂಪಾದಿಸಿ’ ಅಂತ ಕರೆಯುವುದು, ಎಲ್ಲ ನಡೆಯುತ್ತದೆ. (ಈ ಕೊನೆಯದರಲ್ಲಿ ರಿವ್ಯೂ ಬರೆಯಲು ಹೋದವರೇ ದುಡ್ಡು ಕಳೆದುಕೊಳ್ಳುತ್ತಾರೆ.) ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೇ ಒಂದು ಮಾನದಂಡ ತಂದಿತು. ಬರೆಯುವವರು ನಿಜವಾದ ವ್ಯಕ್ತಿ ಹೌದೋ ಅಲ್ಲವೋ ಪರಿಶೀಲಿಸಬೇಕು ಅನ್ನೋದು ಅದರಲ್ಲಿದೆ. ಆದರೆ ಪಾಲಿಸುವುದು ಅವರವರ ಇಷ್ಟಕ್ಕೆ ಬಿಟ್ಟದ್ದು.

ಹಾಗಾದರೆ ಓದುವುದು ಹೇಗೆ? ಮೊದಲು ಐದು ಸ್ಟಾರ್‌ನವನ್ನು ಬಿಟ್ಟು ಎರಡು, ಮೂರು ಸ್ಟಾರ್‌ನವನ್ನು ಓದಿ. ದುಡ್ಡು ಪಡೆದು ಬರೆಯುವವರು ಐದು ಕೊಡುತ್ತಾರೆ, ಸಿಟ್ಟಿನಲ್ಲಿ ಬರೆಯುವವರು ಒಂದು ಕೊಡುತ್ತಾರೆ. ನಡುವಿನವರು ಸಾಮಾನ್ಯವಾಗಿ ಸೀರೆಯ ಬಗ್ಗೆಯೇ ಮಾತಾಡುತ್ತಾರೆ: ‘ಬಣ್ಣ ಫೋಟೋಗಿಂತ ಸ್ವಲ್ಪ ಮಬ್ಬು’, ‘ಬ್ಲೌಸ್ ಪೀಸ್ ಬರಲಿಲ್ಲ’. ಹೊಸ ರಿವ್ಯೂ ಮೇಲೆ ಬರುವಂತೆ ಹಾಕಿಕೊಂಡು ಕಳೆದ ಎರಡು ತಿಂಗಳದ್ದು ನೋಡಬೇಕು, ಸೆಲ್ಲರ್ ಹಾದಿ ತಪ್ಪಿದ್ದರೆ ಅಲ್ಲಿ ಗೊತ್ತಾಗುತ್ತದೆ. ಕೊಂಡವರೇ ಹಾಕಿದ ಫೋಟೋ ಸಿಕ್ಕರೆ ಅದು ಹತ್ತು ಮಾತಿಗೆ ಸಮ. ಒಂದೇ ದಿನ ಇಪ್ಪತ್ತು ರಿವ್ಯೂ ಬಂದಿದ್ದರೆ, ಎಲ್ಲದರಲ್ಲೂ ಅದೇ ನಾಲ್ಕು ಪದ ಇದ್ದರೆ ಮುಂದೆ ಹೋಗಬಹುದು.

ಐದಕ್ಕೆ ಐದು ಇರುವ ಮಾಲನ್ನು ಜನ ಮುಗಿಬಿದ್ದು ಕೊಳ್ಳುತ್ತಾರೆ ಅಂತಲೂ ಅಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಸಂಶೋಧನಾ ಕೇಂದ್ರ 2017ರಲ್ಲಿ ಹೇಳಿದಂತೆ, ಕೊಳ್ಳುವ ಸಾಧ್ಯತೆ ತುದಿ ಮುಟ್ಟೋದು ಸಾಮಾನ್ಯವಾಗಿ 4.0ರಿಂದ 4.7ರ ನಡುವೆ. 5.0 ಹತ್ತಿರ ಹೋದಂತೆ ಅದು ಇಳಿಯುತ್ತದೆ. ಒಂದೂ ದೂರಿಲ್ಲದ ಅಂಗಡಿಯನ್ನು ಜನ ಅನುಮಾನದಿಂದಲೇ ನೋಡುತ್ತಾರೆ.

ನಡುವೆ ಯಾರೂ ಇಲ್ಲದಾಗ

ಇಷ್ಟೊತ್ತು ಹೇಳಿದ್ದು ದೊಡ್ಡ ಆ್ಯಪ್‌ಗಳ ಮಾತು. ಇನ್‌ಸ್ಟಾಗ್ರಾಂ ಪೇಜ್, ವಾಟ್ಸಾಪ್ ಗುಂಪು, ಫೇಸ್‌ಬುಕ್ ಜಾಹೀರಾತಿನಿಂದ ತೆರೆಯುವ ಹೊಸ ಜಾಲತಾಣಗಳಲ್ಲಿ ಇದ್ಯಾವುದೂ ಇಲ್ಲ. ದುಡ್ಡು ಹಿಡಿದಿಟ್ಟುಕೊಳ್ಳುವ ಹಿರಿಯರಿಲ್ಲ, ರಿಟರ್ನ್ ಬಟನ್ ಇಲ್ಲ. ರಿವ್ಯೂ ಅಂತ ಇರೋದು ಪೇಜ್‌ನವರೇ ಆರಿಸಿ ಹಾಕಿದ ಸ್ಕ್ರೀನ್‌ಶಾಟ್. ಯುಪಿಐನಲ್ಲಿ ಪಿನ್ ಹಾಕಿದ ಕ್ಷಣವೇ ದುಡ್ಡು ಆಚೆ ಖಾತೆಗೆ ಹೋಗಿರುತ್ತದೆ. ಜಿಲ್ಲೆಯ ಜನ ಸುಲಭವಾಗಿ ಏಮಾರುವ ಜಾಗ ಇದು.

ಇಲ್ಲಿ ನಂಬಿಕೆ ಹುಟ್ಟಿಸೋಕೆ ಎರವಲು ಗುರುತುಗಳನ್ನು ಬಳಸುತ್ತಾರೆ. ಐವತ್ತು ಸಾವಿರ ಫಾಲೋವರ್ಸ್ ಅನ್ನೋದು ಅಂಥ ಒಂದು, ಅದು ದುಡ್ಡಿಗೆ ಸಿಗುತ್ತದೆ. ಮಗ್ಗದ ಮುಂದೆ ಕೂತ ಅಜ್ಜನ ವಿಡಿಯೋ ಇನ್ನೊಂದು, ಅದನ್ನು ಬೇರೆಯವರ ಪೇಜ್‌ನಿಂದ ಎತ್ತಿರಬಹುದು. ಜಾಲತಾಣದ ವಿಳಾಸದ ಪಕ್ಕ ಬೀಗದ ಚಿತ್ರ ಕಂಡರೆ ಸುರಕ್ಷಿತ ಅಂತ ಬಹಳ ಜನ ನಂಬಿದ್ದರು. ಬೀಗ ಹೇಳೋದು ಇಷ್ಟೇ: ನಿಮ್ಮ ಫೋನ್‌ಗೂ ಆ ಜಾಲತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದಲಾರರು. ಆ ಕಡೆ ಕೂತವನೇ ಕಳ್ಳನಾದರೆ ಬೀಗ ಏನು ಮಾಡೀತು? ಜನ ತಪ್ಪು ತಿಳಿಯುತ್ತಿದ್ದಾರೆ ಅಂತಲೇ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರ್‌ನಿಂದ ಆ ಚಿತ್ರ ತೆಗೆಯಿತು. ‘ಇನ್ನು ಎರಡೇ ಸೀರೆ ಉಳಿದಿವೆ, ಹತ್ತು ನಿಮಿಷದಲ್ಲಿ ಆಫರ್ ಮುಕ್ತಾಯ’ ಅನ್ನೋ ಸುಳ್ಳು ಅವಸರವನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ 13 ವಂಚಕ ತಂತ್ರಗಳ ಪಟ್ಟಿಗೆ ಸೇರಿಸಿದೆ.

ಇದೇ ಜಾಗದಲ್ಲಿ ಒಳ್ಳೇ ನಂಬಿಕೆಯೂ ಬೆಳೆದಿದೆ ಅನ್ನೋದು ಸುಳ್ಳಲ್ಲ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಬೆಳೆದದ್ದೇ ಈ ದಾರಿಯಲ್ಲಿ. ಮನೆಯಲ್ಲಿರುವ ಹೆಣ್ಣುಮಕ್ಕಳು ಸೀರೆಯ ಫೋಟೋಗಳನ್ನು ಗುರುತಿನವರ ವಾಟ್ಸಾಪ್‌ಗೆ ಕಳಿಸಿ, ತಮ್ಮ ಲಾಭ ಸೇರಿಸಿ ಮಾರುತ್ತಿದ್ದರು. ಕೊಳ್ಳುವವರು ನಂಬಿದ್ದು ಕಂಪನಿಯನ್ನಲ್ಲ, ಆಚೆಮನೆ ಅಕ್ಕನನ್ನು. ಸೀರೆ ಕೆಟ್ಟದು ಬಂದರೆ ನಾಳೆ ನೀರು ತುಂಬುವಾಗ ಸಿಗುತ್ತಾಳಲ್ಲ!

ಹಾಗಾಗಿ ಪೇಜ್‌ನವರಿಗೆ ದುಡ್ಡು ಕಳಿಸೋ ಮುಂಚೆ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇವರು ನನಗೆ ಮೋಸ ಮಾಡಿದರೆ ಇವರಿಗೇನು ಹೋಗುತ್ತದೆ? ಅಂಗಡಿಯ ವಿಳಾಸ ಇದೆಯಾ, ಅದು ಮ್ಯಾಪ್‌ನಲ್ಲಿ ಸಿಗುತ್ತದಾ? ಜಿಎಸ್‌ಟಿ ನಂಬರ್ ಹಾಕಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದನ್ನು ಹಾಕಿ ನೋಡಬಹುದು, ವ್ಯಾಪಾರದ ಹೆಸರು ಬರುತ್ತದೆ. 15 ಅಂಕಿ-ಅಕ್ಷರದ ಆ ನಂಬರ್ ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಯುಪಿಐ ಮಾಡುವಾಗ ಮೇಲೆ ಬರುವ ಖಾತೆದಾರರ ಹೆಸರಿಗೂ ಅಂಗಡಿಯ ಹೆಸರಿಗೂ ಏನಾದರೂ ಸಂಬಂಧ ಇದೆಯಾ ನೋಡಬೇಕು. ಕಾಮೆಂಟ್ ಬಂದ್ ಮಾಡಿದ್ದರೆ ಯಾಕೆ ಮಾಡಿದ್ದಾರೆ ಅಂತ ಯೋಚಿಸಬೇಕು. ವಿಡಿಯೋ ಕಾಲ್‌ನಲ್ಲಿ ಅದೇ ಸೀರೆ ತೋರಿಸಿ ಅಂದಾಗ ಕುಂಟುನೆಪ ಹೇಳಿದರೆ ಅಲ್ಲಿಗೇ ಬಿಡಬಹುದು.

ಇಳಕಲ್ ಅಂಗಡಿಯವರ ಕೈಯಲ್ಲಿರೋದು

ಹೀಗೆ ನೋಡಿದರೆ ಊರಲ್ಲಿ ಇಪ್ಪತ್ತು-ಮೂವತ್ತು ವರ್ಷದಿಂದ ಅಂಗಡಿ ಇಟ್ಟವರಿಗೆ ಆನ್‌ಲೈನ್‌ನಲ್ಲಿ ದೊಡ್ಡ ಅನುಕೂಲ ಇದೆ. ಬಹಳ ಜನ ಅದನ್ನು ಬಳಸುತ್ತಿಲ್ಲ. ಪೇಜ್ ಮಾಡಿಸುತ್ತಾರೆ, ಅದರಲ್ಲಿ ಅಂಗಡಿಯ ಬೋರ್ಡಿನ ಫೋಟೋ ಇರಲ್ಲ, ವಿಳಾಸ ಇರಲ್ಲ. ಬೆಲೆ ಕೇಳಿದರೆ ‘ಮೆಸೇಜ್ ಮಾಡಿ’. ಮೋಸದ ಪೇಜ್‌ಗಳೂ ಹಾಗೇ ಇರುತ್ತವೆ. ನೋಡುವವರಿಗೆ ಎರಡಕ್ಕೂ ವ್ಯತ್ಯಾಸ ಎಲ್ಲಿಂದ ಗೊತ್ತಾಗಬೇಕು?

ಕಾಣದ ಗುಣವನ್ನು ಕಾಣುವಂತೆ ಮಾಡಬೇಕು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು ಮೈಯ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ತೋಪ ತೆನಿ ಸೆರಗಿನ ಈ ಜೋಡು ಇಳಕಲ್ ನೇಯ್ಗೆಯ ಗುರುತು, ಅಚ್ಚು ಹೊಡೆದ ನಕಲಿಯಲ್ಲಿ ಇರಲ್ಲ. ಆ ಜೋಡನ್ನು ಹತ್ತಿರದಿಂದ, ಸೀರೆಯ ಹಿಂಬದಿಯಿಂದ ತೋರಿಸುವ ಒಂದು ಫೋಟೋ ‘ಅಪ್ಪಟ’ ಅನ್ನೋ ಪದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕುಚ್ಚಿನ ಒಂದು ಎಳೆ ಸುಟ್ಟು ತೋರಿಸುವ ವಿಡಿಯೋ ಕೂಡ ಒಳ್ಳೇದೇ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಹತ್ತಿ ಕಾಗದದಂತೆ ಉರಿಯುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗಿರಾಕಿ ಮನೆಯಲ್ಲೂ ಇದನ್ನೇ ಮಾಡಿ ನೋಡಬಹುದು. ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದ್ದರೆ ಆಯಾ ಸೀರೆಯ ಚೀಟಿಯನ್ನೇ ತೋರಿಸಬೇಕು. ಇಂಟರ್ನೆಟ್‌ನಿಂದ ತೆಗೆದ ಲೋಗೋ ಯಾರು ಬೇಕಾದರೂ ಹಾಕುತ್ತಾರೆ.

ಚಮಕಾ ಸೀರೆಯನ್ನು ಚಮಕಾ ಅಂತಲೇ ಬರೆದು ಮಾರುವುದರಲ್ಲಿ ನಾಚಿಕೆ ಇಲ್ಲ. ‘ಇದು ಅಪ್ಪಟ ರೇಷ್ಮೆ ಅಲ್ಲ, ಅದಕ್ಕೇ ಈ ಬೆಲೆ’ ಅಂತ ಒಂದು ಸೀರೆಯ ಕೆಳಗೆ ಬರೆದ ಅಂಗಡಿಯವರು, ಪಕ್ಕದ ಸೀರೆಗೆ ಅಪ್ಪಟ ರೇಷ್ಮೆ ಅಂದಾಗ ಜನ ನಂಬುತ್ತಾರೆ.

ಕಾನೂನೂ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಜಾರಿಯಾಗಿದ್ದು 2020ರ ಜುಲೈನಲ್ಲಿ, ಅದೇ ತಿಂಗಳು ಇ-ಕಾಮರ್ಸ್ ನಿಯಮಗಳೂ ಬಂದವು. ಮನೆಯ ಹಳೇ ಸೈಕಲ್ ಒಮ್ಮೆ ಆನ್‌ಲೈನ್‌ನಲ್ಲಿ ಮಾರಿದವರಿಗೆ ಇವು ಅನ್ವಯಿಸಲ್ಲ. ಆದರೆ ಕಾಯಂ ವ್ಯಾಪಾರ ಮಾಡುವವರು ‘ನಮ್ಮದು ಬರೀ ಇನ್‌ಸ್ಟಾಗ್ರಾಂ ಪೇಜ್’ ಅಂದರೆ ನಡೆಯಲ್ಲ. ತೋರಿಸಿದ್ದಕ್ಕಿಂತ ಬೇರೆ ಮಾಲು ಅಥವಾ ದೋಷ ಇದ್ದ ಮಾಲು ಕಳಿಸಿದರೆ ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ತಾವೇ ಗಿರಾಕಿ ಅಂತ ಸುಳ್ಳು ಹೇಳಿಕೊಂಡು ರಿವ್ಯೂ ಬರೆಯುವಂತಿಲ್ಲ. ದೊಡ್ಡ ಆ್ಯಪ್‌ಗಳು ದೂರು ಬಂದ 48 ಗಂಟೆಯೊಳಗೆ ‘ತಲುಪಿದೆ’ ಅಂತ ಉತ್ತರ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಊರ ಅಂಗಡಿಗಳ ಗೋಡೆ ಮೇಲೆ ಬರೆದಿರುವ ‘ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ’ ಅನ್ನೋ ಬೋರ್ಡಿಗೂ ಕಾಯ್ದೆಯಲ್ಲಿ ಮಿತಿ ಇದೆ. ದೋಷ ಇರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಬಿಲ್‌ನಲ್ಲಿ ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳದಿರೋದು ಅನುಚಿತ ವ್ಯಾಪಾರ. ಬಿಲ್ ಕೊಡದಿರೋದೂ ಅಷ್ಟೇ.

ದುಡ್ಡು ಹೋದರೆ

ಪೇಜ್ ಮೋಸದ್ದು ಅಂತ ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ಸೈಬರ್ ವಂಚನೆಯ ಸಹಾಯವಾಣಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತದೆ, ತಡೆ ಹಿಡಿಯುವುದು ಕಷ್ಟವಾಗುತ್ತದೆ. ಮರ್ಯಾದೆ ಹೋಗುತ್ತದೆ ಅಂತ ಎರಡು ದಿನ ಸುಮ್ಮನೆ ಕೂತವರಿಗೆ ಸಿಗುವುದು ಕಡಿಮೆ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಹುಡುಕಿ ಕರೆ ಮಾಡಬಾರದು, ಅಲ್ಲಿ ಕಳ್ಳರೇ ತಮ್ಮ ನಂಬರ್ ಹಾಕಿರುತ್ತಾರೆ. ಕಂಪನಿಯ ಆ್ಯಪ್ ಒಳಗಿನಿಂದಲೇ ಮಾತಾಡಬೇಕು. ರೀಫಂಡ್ ಕೊಡುತ್ತೇವೆ, ಪಿನ್ ಹಾಕಿ ಅಂದರೆ ಫೋನ್ ಇಡಿ. ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಕಿಲ್ಲ, ಹೋಗೋಕೆ ಮಾತ್ರ ಬೇಕು.

ಮಾಲು ಬಂದಿದೆ, ಆದರೆ ಹೇಳಿದ್ದಲ್ಲ ಅನ್ನೋ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಸೆಲ್ಲರ್ ದಿಲ್ಲಿಯವನಾಗಲಿ ಸೂರತ್‌ನವನಾಗಲಿ, ದೂರು ಕೊಡುವವರು ತಾವು ಇರುವ ಜಿಲ್ಲೆಯಲ್ಲೇ ಕೊಡಬಹುದು. 2019ರ ಕಾಯ್ದೆ ತಂದ ದೊಡ್ಡ ಬದಲಾವಣೆ ಇದು. ಮಾಲಿಗೆ ಕೊಟ್ಟ ದುಡ್ಡು 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಘಟನೆಯಾದ ಎರಡು ವರ್ಷದೊಳಗೆ ಕೊಡಬೇಕು. ಪೇಜ್‌ನ ಸ್ಕ್ರೀನ್‌ಶಾಟ್, ಚಾಟ್, ಪಾವತಿಯ ಯುಟಿಆರ್ ನಂಬರ್, ಪಾರ್ಸೆಲ್ ಮೇಲಿನ ಚೀಟಿ ಇಟ್ಟುಕೊಂಡಿರಬೇಕು. ಪಾರ್ಸೆಲ್ ಒಡೆಯುವಾಗ ಸೀಲ್ ಕಾಣುವಂತೆ, ನಡುವೆ ನಿಲ್ಲಿಸದೆ ತೆಗೆದ ವಿಡಿಯೋ ಇದ್ದರೆ ‘ನಾವು ಕಳಿಸಿದ್ದು ಇದಲ್ಲ’ ಅನ್ನೋ ಉತ್ತರಕ್ಕೆ ಜಾಗ ಇರಲ್ಲ.